ಗಣತಿ ಮೀಮಾಂಸೆ: ನಂಜನಗೂಡಿನಿಂದ ತಿರುಮಕೂಡಲಿನವರೆಗೆ

ನಂಜನಗೂಡು ದಕ್ಷಿಣ ಕಾಶಿ. ತಿರುಮಕೂಡಲು ನರಸೀಪುರವೋ ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚು. ಅದಕ್ಕೆ ಸಾಕ್ಷಿಯಾಗಿ ಅಲ್ಲಿನ ಗುಂಜಾ ನರಸಿಂಹಸ್ವಾಮಿ ಕೈಯಲ್ಲಿ ಗುಲಗಂಜಿ ಹಿಡಿದಿದ್ದಾನೆ ಎನ್ನುತ್ತದೆ ಸ್ಥಳಪುರಾಣ. ಎರಡನ್ನೂ ಕೂಡಿ ಕಳೆದರೆ ನರಸೀಪುರವು ನಂಜನಗೂಡಿಗಿಂತ ಒಂದು ಗುಲಗಂಜಿ ತೂಕ ಜಾಸ್ತಿ ಎಂದು ಸಿದ್ಧವಾಗುತ್ತದೆ. ಅಕ್ಕಸಾಲಿಗರ ತಕ್ಕಡಿಯಲ್ಲಿ ಗುಲಗಂಜಿ ಎಂದರೆ ಒಂದು ಗ್ರಾಂನ ಎಂಟನೇ ಒಂದು ಪಾಲಿನ ಆಸುಪಾಸು. ಪುಣ್ಯವನ್ನೇ ಇಷ್ಟು ನಯವಾಗಿ ತೂಗಿಟ್ಟ ಸೀಮೆ ಇದು. ಇಲ್ಲಿ ನಿಂತು ಕೋತಿ ಎಷ್ಟಿವೆ ಎಂದು ಕೇಳಿ ನೋಡಿ. "ಸ್ಯಾನೆ ಆಗೋಗವೆ ಬುದ್ಧಿ" ಎಂಬ ಉತ್ತರ ಬರುತ್ತದೆ. ಚಿರತೆ? ಸ್ಯಾನೆ. ಆನೆ? ಅದೂ ಸ್ಯಾನೆ. ಗುಬ್ಬಿ? ಒಂದೂ ಇಲ್ಲ. ಈ ಎರಡು ಉತ್ತರಗಳ ನಡುವೆ ಬೇರೆ ಯಾವ ಅಂಕಿಯೂ ಚಲಾವಣೆಯಲ್ಲಿ ಇದ್ದಂತಿಲ್ಲ. ಆ ಕೊರತೆಯನ್ನು ನೀಗುವುದಕ್ಕೇ ಪ್ರಸ್ತುತ ಪ್ರಬಂಧದ ಅವತಾರ.

ಜೀವಿಗಳನ್ನು ಹಲ್ಲು, ಗೊರಸು, ರೆಕ್ಕೆ, ಬೆನ್ನೆಲುಬು ನೋಡಿ ವಿಂಗಡಿಸಿದ ಪಂಡಿತರು ಬೇಕಾದಷ್ಟು ಮಂದಿ ಆಗಿಹೋಗಿದ್ದಾರೆ. ಆ ಕ್ರಮದಲ್ಲಿ ದೋಷವೇನೂ ಇಲ್ಲ. ಆದರೆ ಪುಸ್ತಕ ಪೆನ್ನು ಹಿಡಿದು ಎಣಿಸಲು ಹೊರಟವನಿಗೆ ಅದರಿಂದ ಎಳ್ಳಷ್ಟೂ ಪ್ರಯೋಜನವಿಲ್ಲ. ಅವನಿಗೆ ಮೊದಲು ತಿಳಿಯಬೇಕಾದದ್ದು ಎದುರಿಗಿರುವುದು ಎಣಿಸಿಕೊಳ್ಳುತ್ತದೆಯೋ, ಓಡುತ್ತದೆಯೋ, ಇಲ್ಲಾ ಓಡಿಸುತ್ತದೆಯೋ ಎಂಬುದು. ಆದ್ದರಿಂದ ಈ ಎರಡು ತಾಲ್ಲೂಕಿನ ಜೀವರಾಶಿಯನ್ನು, ಎಣಿಸುವವನ ಜೊತೆ ಅದು ನಡೆದುಕೊಳ್ಳುವ ರೀತಿ ನೋಡಿ ಇಲ್ಲಿ ವಿಂಗಡಿಸಿದೆ. ವರ್ಗಗಳು ಏಳು. ನಡುವೆ ಒಂದು ಮೂರೂವರೆ ಬರುವುದರಿಂದ ಎಂಟು ಎಂದು ವಾದಿಸುವವರ ಜೊತೆ ನಮ್ಮ ಜಗಳವಿಲ್ಲ.

ಮೊದಲನೆಯದು ಸ್ಥಾವರ ವರ್ಗ. ನಿಂತಲ್ಲೇ ನಿಂತಿರುವವು, ಬೆಳಿಗ್ಗೆ ಎಣಿಸಿ ಸಂಜೆ ಬಂದು ತಾಳೆ ನೋಡಬಹುದಾದವು. ಇದು ಸುಲಭ ಎಂದುಕೊಂಡವರು ದೇವರಸನಹಳ್ಳಿ ಕಡೆಯ ರಸಬಾಳೆ ತೋಟಕ್ಕೆ ಹೋಗಬೇಕು. ಒಂದು ಬುಡದಲ್ಲಿ ಗೊನೆ ಬಿಟ್ಟ ತಾಯಿಗಿಡ, ಅದರ ಮಗ್ಗುಲಲ್ಲಿ ಎದೆಯೆತ್ತರದ ಕಂದು, ಮಣ್ಣು ಸೀಳಿಕೊಂಡು ಆಗತಾನೆ ಎದ್ದ ಕತ್ತಿಕಂದು ಎರಡು. ಇವು ನಾಲ್ಕೋ, ಒಂದೋ? ನೆಲದ ಮೇಲೆ ನಾಲ್ಕು, ನೆಲದೊಳಗೆ ಒಂದೇ ಗೆಡ್ಡೆ. ಗಿಡಗಳ ಸಂಖ್ಯಾಶಾಸ್ತ್ರ ಬರೆದ ಜಾನ್ ಹಾರ್ಪರ್ 1977ರಲ್ಲಿ ಇದಕ್ಕೊಂದು ದಾರಿ ತೋರಿಸಿದ: ಬೀಜದಿಂದ ಹುಟ್ಟಿದ್ದಕ್ಕೆ ಒಂದು ಲೆಕ್ಕ ಇಡಿ, ಕಂದಾಗಿ ಒಡೆದದ್ದಕ್ಕೆ ಇನ್ನೊಂದು. ಬಾಳೆಗೆ ಬೀಜವಿಲ್ಲ. ಕಂದಿನಿಂದ ಕಂದಿಗೆ ಬಂದದ್ದೇ ಅದರ ವಂಶ. ಹಾಗಾಗಿ ಹಾರ್ಪರನ ಮೊದಲ ಲೆಕ್ಕದ ಪ್ರಕಾರ ತಾಲ್ಲೂಕಿನ ರಸಬಾಳೆಯೆಲ್ಲ ಸೇರಿ ಹೆಚ್ಚುಕಡಿಮೆ ಒಂದೇ ಗಿಡ. ಇದು ಬರೀ ತರ್ಕದ ಚಮತ್ಕಾರವಲ್ಲ. ಪನಾಮ ಸೊರಗು ರೋಗ ಬಂದಾಗ ಒಂದು ಗಿಡ ತಡೆದುಕೊಳ್ಳಲಾರದ್ದನ್ನು ಪಕ್ಕದ್ದೂ ತಡೆದುಕೊಳ್ಳಲಿಲ್ಲ, ಅದರ ಪಕ್ಕದ್ದೂ ತಡೆದುಕೊಳ್ಳಲಿಲ್ಲ. ರೋಗ ತರುವ ಶಿಲೀಂಧ್ರ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುವುದರಿಂದ ಅದೇ ಜಾಗದಲ್ಲಿ ಮತ್ತೆ ನೆಡುವ ಧೈರ್ಯ ರೈತನಿಗೂ ಬರಲಿಲ್ಲ. ನಂಜನಗೂಡು ರಸಬಾಳೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೇನೋ ಸಿಕ್ಕಿತು. ಶಿಲೀಂಧ್ರ ಅದನ್ನು ಓದಿದಂತಿಲ್ಲ.

ಎರಡನೆಯದು ದ್ವಿಗುಣ ವರ್ಗ: ಎಣಿಸಿ ಮುಗಿಸುವಷ್ಟರಲ್ಲಿ ಇಮ್ಮಡಿಯಾಗಿರುವವು. ಕೆರೆಗಳಲ್ಲಿ, ಹೊಳೆಯ ನಿಂತ ನೀರಿನ ಅಂಚಿನಲ್ಲಿ ನೇರಳೆ ಹೂ ಬಿಟ್ಟು ತೇಲುವ ಅಂತರಗಂಗೆ ಈ ವರ್ಗದ ಯಜಮಾನ. ಅಮೆಜಾನ್ ಸೀಮೆಯಿಂದ ಚೆಂದದ ಹೂವೆಂದು ಹೊರಟು ಲೋಕವೆಲ್ಲ ಹಬ್ಬಿದ್ದು. ಬಿಸಿಲೂ ಚರಂಡಿಯ ನೀರೂ ಚೆನ್ನಾಗಿ ಒದಗಿದರೆ ಎರಡು ವಾರಕ್ಕೆ ಒಂದು ಎರಡಾಗುತ್ತದೆ. ಹದಿನಾರು ಎಕರೆಯ ಕೆರೆ ಇದೆ ಎಂದಿಟ್ಟುಕೊಳ್ಳಿ. ಎಕರೆಗೆ ನಲವತ್ತರಂತೆ 640 ಗುಂಟೆ. ಮೂಲೆಯಲ್ಲಿ ಒಂದೇ ಒಂದು ಗುಂಟೆ ಅಂತರಗಂಗೆ. ಎಂಟು ವಾರ ಕಳೆದರೂ ಅದು 16 ಗುಂಟೆ ದಾಟುವುದಿಲ್ಲ, ಗ್ರಾಮಸಭೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಹದಿನಾರನೇ ವಾರ 256 ಗುಂಟೆ. ಆಗ ಅರ್ಜಿ ಬೀಳುತ್ತದೆ. ಅಂದಾಜು ಪಟ್ಟಿ ತಯಾರಾಗಿ, ಟೆಂಡರು ಕರೆದು, ಬಂದದ್ದು ಒಂದೇ ಅರ್ಜಿ ಎಂದು ಮರುಟೆಂಡರು ಕರೆಯುವ ಹೊತ್ತಿಗೆ ಹತ್ತೊಂಬತ್ತನೇ ವಾರ. ಕೆರೆಯಲ್ಲಿ ನೀರು ಕಾಣುವುದಿಲ್ಲ.

ಆದರೆ ಇಪ್ಪತ್ತೊಂದನೇ ವಾರಕ್ಕೆ ಅದು ಊರಿನ ಮೇಲೂ ಹಬ್ಬುತ್ತದೆಯೇ ಎಂದರೆ, ಇಲ್ಲ. ಜಾಗ ಮುಗಿಯಿತು. ಇದನ್ನು ಬೆಲ್ಜಿಯಮ್ಮಿನ ಪಿಯೆರ್ ವೆರ್ಹುಲ್ಸ್ಟ್ 1838ರಲ್ಲೇ ಗಣಿತವಾಗಿ ಬರೆದಿಟ್ಟ. ಏರಿಕೆ ಮೊದಲು ನಿಧಾನ, ನಡುವೆ ಜೋರು, ಅನ್ನ ನೀರು ಜಾಗ ತೀರುತ್ತ ಬಂದಂತೆ ಮತ್ತೆ ನಿಧಾನ, ಕಡೆಗೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಆ ಮಟ್ಟಕ್ಕೆ ಇಂದಿನವರು ಧಾರಣ ಸಾಮರ್ಥ್ಯ ಎನ್ನುತ್ತಾರೆ. ಅಂತರಗಂಗೆಯ ವಿಷಯದಲ್ಲಿ ಆ ಸಾಮರ್ಥ್ಯವನ್ನು ತಗ್ಗಿಸಲು 1980ರ ದಶಕದ ಮೊದಲ ಭಾಗದಲ್ಲಿ ಬೆಂಗಳೂರಿನ ವಿಜ್ಞಾನಿಗಳು ಅದರ ತವರು ಮೂಲದ ಸೊಂಡಿಲ ಹುಳು ತರಿಸಿ ಕೆರೆಗಳಿಗೆ ಬಿಟ್ಟರು. ಹುಳು ತನ್ನ ಕೆಲಸ ಮಾಡಿತು. ಚರಂಡಿ ಅದಕ್ಕಿಂತ ಹೆಚ್ಚು ಕೆಲಸ ಮಾಡಿತು.

ಇದೇ ವರ್ಗದ ಉಪವರ್ಗ ಸೊಳ್ಳೆ. ಮಲೇರಿಯಾ ಇಲಾಖೆಯವರು ಅದನ್ನು ಎಕರೆಗಿಷ್ಟು ಎಂದು ಹೇಳುವುದಿಲ್ಲ. ಒಬ್ಬ ಮನುಷ್ಯ ಒಂದು ಗಂಟೆ ಟಾರ್ಚು ಹಿಡಿದು ಮನೆಯೊಳಗೆ ಹುಡುಕಿದರೆ ಎಷ್ಟು ಕೈಗೆ ಸಿಕ್ಕವು ಎಂದು ಹೇಳುತ್ತಾರೆ. ಪ್ರಾಮಾಣಿಕ ಮಾನವೆಂದರೆ ಇದು. ಇದರಲ್ಲಿ ಸೊಳ್ಳೆಯೂ ಇದೆ, ಹುಡುಕಿದವನ ಶ್ರಮವೂ ಇದೆ.

ಮೂರನೆಯದು ಆಗಮ ವರ್ಗ, ಎಂದರೆ ಬಂದು ಹೋಗುವವು. ನಂಜನಗೂಡು ತಾಲ್ಲೂಕಿನ ಹದಿನಾರು ಎಂಬುದು ಯದುವಂಶದ ಮೂಲಪುರುಷರ ಕಥೆಯಿಂದ ಹೆಸರಾದ ಊರು. ಹಕ್ಕಿ ನೋಡುವವರಿಗೆ ಅದು ಕೆರೆಯಿಂದ ಹೆಸರಾದದ್ದು. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್ಟಿನ ಕಡೆ ಮರಿ ಮಾಡಿ, ಹಿಮಾಲಯದ ಮೇಲೆ ಹಾದು ಇಳಿಯುವ ಹಕ್ಕಿ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು. ಹಗಲು ಕೆರೆಯಲ್ಲಿ ತಂಗಿ, ಕತ್ತಲಾದ ಮೇಲೆ ಸುತ್ತಲ ಗದ್ದೆ ಹೊಲಗಳಿಗೆ ಮೇಯಲು ಹೋಗಿ, ಬೆಳಗಿನ ಜಾವ ವಾಪಸಾಗುತ್ತವೆ. ಆದ್ದರಿಂದ ಎಣಿಸುವವನು ಅವು ನೀರಿಗೆ ಇಳಿಯುವ ಹೊತ್ತಿಗೆ ಏರಿಯ ಮೇಲೆ ಇರಬೇಕು. ಒಂದೊಂದಾಗಿ ಎಣಿಸಹೊರಟರೆ ಎಂಬತ್ತಕ್ಕೆ ಬರುವಾಗ ಯಾವುದೋ ಒಂದು ಎದ್ದು ಹಿಂಡಿನ ಆ ಕೊನೆಗೆ ಹೋಗಿ ಕೂರುತ್ತದೆ. ಅದಕ್ಕೆ ಅಭ್ಯಾಸವಾದವರು ಮೊದಲು ಹತ್ತು ಹಕ್ಕಿ ಎಣಿಸಿ, ಅವು ಹಿಡಿಯುವ ಜಾಗವನ್ನು ಕಣ್ಣಿನಲ್ಲಿ ಅಳತೆ ಮಾಡಿಕೊಂಡು, ಆ ಅಳತೆಯನ್ನು ಹಿಂಡಿನ ಉದ್ದಕ್ಕೂ ಹಾಸುತ್ತ ಹೋಗುತ್ತಾರೆ. ಜನವರಿಯಲ್ಲಿ ಏಷ್ಯಾದ ಉದ್ದಗಲಕ್ಕೂ ನಡೆಯುವ ನೀರುಹಕ್ಕಿಗಳ ಗಣತಿ ಬಹುಪಾಲು ಹೀಗೆಯೇ ಆಗುವುದು. ಎಲ್ಲೋ ಒಂದು ಹಕ್ಕಿಯ ಕೊರಳಲ್ಲಿ ಅಕ್ಷರ ಅಂಕಿ ಬರೆದ ಪಟ್ಟಿ ಕಾಣಿಸಿತೆಂದರೆ ಏರಿಯ ಮೇಲೆ ಹಬ್ಬ. ಮಂಗೋಲಿಯಾದಲ್ಲಿ ಪಟ್ಟಿ ಕಟ್ಟಿದ ಹೆಬ್ಬಾತುಗಳು ಮೈಸೂರು ಸುತ್ತಿನ ಕೆರೆಗಳಲ್ಲಿ ಸಿಕ್ಕಿವೆ. ಸಾವಿರದ ಅಂದಾಜಿಗಿಂತ ಅಂಥ ಒಂದೇ ಒಂದು ಹಕ್ಕಿ ಹೆಚ್ಚು ಮಾಹಿತಿ ಹೊತ್ತು ತರುತ್ತದೆ.

ಆಗಮ ವರ್ಗದ ದ್ವಿಪಾದಿಗಳಲ್ಲಿ ಯಾತ್ರಾರ್ಥಿಗಳೂ ಸೇರುತ್ತಾರೆ. ನಂಜನಗೂಡಿನ ದೊಡ್ಡಜಾತ್ರೆಯಲ್ಲಿ ಐದು ತೇರುಗಳ ಬೀದಿ, ನರಸೀಪುರದ ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಸೇರಿಸಿಕೊಂಡು ಬಂದಿರುವ ಕುಂಭಮೇಳ. 2025ರ ಫೆಬ್ರವರಿ 10ರಿಂದ 12ರವರೆಗೆ ನಡೆದದ್ದು ಇತ್ತೀಚಿನದು. ಈ ಜನವನ್ನು ಎಣಿಸುವ ಮಾನಕ್ಕೆ ಲಕ್ಷಾಂತರ ಎಂದು ಹೆಸರು. ಅದು ಎಲ್ಲಿಂದ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಯಾವ ಪತ್ರಿಕೆಯವರೂ ಹೇಳಿಲ್ಲ. ಅಮೆರಿಕದ ಹರ್ಬರ್ಟ್ ಜೇಕಬ್ಸ್ ಎಂಬ ಪತ್ರಿಕೋದ್ಯಮದ ಮೇಷ್ಟರು 1960ರ ದಶಕದಲ್ಲಿ ಇದಕ್ಕೆ ಸರಳ ಸೂತ್ರ ಕೊಟ್ಟರು: ಸಡಿಲವಾಗಿ ನಿಂತ ಗುಂಪಿನಲ್ಲಿ ಒಬ್ಬರಿಗೆ ಹತ್ತು ಚದರ ಅಡಿ, ಒತ್ತಾಗಿ ನಿಂತಲ್ಲಿ ನಾಲ್ಕೂವರೆ, ಜಾಗ ಅಳೆದು ಭಾಗಿಸಿ. ಸೂತ್ರ ಸರಿಯಾಗಿಯೇ ಇದೆ. ರಥಬೀದಿಯ ಉದ್ದ ಅಗಲ ಅಳೆದು ಭಾಗಿಸಿದರೆ ಸಂಘಟಕರ ಮುಖ ಬಾಡುತ್ತದೆ ಎಂಬುದೊಂದೇ ಅದರ ದೋಷ.

ಮೂರೂವರೆಯನ್ನು ನಾಲ್ಕರ ನಂತರವೇ ಹೇಳಬೇಕಾಗಿದೆ. ನಾಲ್ಕು ಗೊತ್ತಿಲ್ಲದೆ ಅದು ಅರ್ಥವಾಗುವುದಿಲ್ಲ.

ನಾಲ್ಕನೆಯದು ಗುಪ್ತ ವರ್ಗ: ಇವೆ ಎಂದು ಗೊತ್ತು, ಕಣ್ಣಿಗೆ ಬೀಳುವುದಿಲ್ಲ. ನಂಜನಗೂಡು ತಾಲ್ಲೂಕಿನ ತೆಂಕಣ ತುದಿ ಹೆಡಿಯಾಲದಲ್ಲಿ ಬಂಡೀಪುರದ ಕಾಡಿಗೆ ತಾಗಿಕೊಂಡಿದೆ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ ಪಟ್ಟಿಯಲ್ಲೇ ಇದ್ದ ಕಾಡು ಅದು. ಆಗ ಹುಲಿ ಎಣಿಸುತ್ತಿದ್ದದ್ದು ಹೆಜ್ಜೆಯಿಂದ. ಒಡಿಶಾದ ಸರೋಜ್ ರಾಜ್ ಚೌಧುರಿ 1966ರಲ್ಲಿ ರೂಪಿಸಿದ ವಿಧಾನ. ಗಾರ್ಡು ದೂಳಿನ ದಾರಿಯಲ್ಲಿ ಹೆಜ್ಜೆ ಕಂಡಲ್ಲಿ ಕುಕ್ಕರುಗಾಲಲ್ಲಿ ಕೂತು, ಗಾಜಿನ ಹಲಗೆ ಮೇಲಿಟ್ಟು, ಅಂಗಾಲು ಬೆರಳುಗಳ ಅಂಚನ್ನು ಪೆನ್ನಿನಿಂದ ತಿದ್ದಿಕೊಂಡು ಬರುತ್ತಿದ್ದ. ಒಂದೊಂದು ಹುಲಿಗೆ ಒಂದೊಂದು ಹೆಜ್ಜೆ, ನೋಡಿದರೆ ಗುರುತು ಸಿಗುತ್ತದೆ ಎಂಬುದು ಶಾಸ್ತ್ರ. ಒದ್ದೆ ಮಣ್ಣಿನಲ್ಲಿ ಅದೇ ಹುಲಿಯ ಹೆಜ್ಜೆ ಅಗಲವಾಗುತ್ತದೆ, ಗಟ್ಟಿ ನೆಲದಲ್ಲಿ ಕಿರಿದಾಗುತ್ತದೆ, ಓಡಿದರೆ ಇನ್ನೊಂದು ಹುಲಿಯಾಗುತ್ತದೆ ಎಂಬುದು ವಾಸ್ತವ. ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳು ಓಡಾಡಿಕೊಂಡಿರುವಾಗಲೇ ಕಾಡಿನಲ್ಲಿ ಒಂದೂ ಉಳಿದಿಲ್ಲವೆಂದು 2005ರ ಸುಮಾರಿಗೆ ಬಯಲಾಯಿತು. ಹೆಜ್ಜೆಶಾಸ್ತ್ರ ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ನಮ್ಮ ಪಕ್ಕದ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದ ಮೊದಲಲ್ಲೇ ಕಾಡುದಾರಿಗೆ ಕ್ಯಾಮೆರಾ ಕಟ್ಟಿ ಬೇರೆ ಲೆಕ್ಕ ಹಿಡಿದಿದ್ದರು. ಲೆಕ್ಕದ ಮೂಲ ಹುಲಿಯದಲ್ಲ, ಮೀನಿನದು. ಡೆನ್ಮಾರ್ಕಿನ ಪೀಟರ್ಸನ್ 1896ರಲ್ಲಿ ಮೀನಿಗೆ ಗುರುತು ಕಟ್ಟಿ ಬಿಟ್ಟು ಮಾಡಿದ ಕೆಲಸ ಅದರ ಬೇರು. ಅದನ್ನು ಯಾವ ಊರಿನ ಕೆರೆಯಲ್ಲೂ ಮಾಡಬಹುದು. ಬಲೆ ಬೀಸಿ ನಲವತ್ತು ಗೆಂಡೆ ಹಿಡಿದು, ರೆಕ್ಕೆಯ ತುದಿ ಕತ್ತರಿಸಿ ನೀರಿಗೆ ಬಿಡಿ. ವಾರ ಬಿಟ್ಟು ಮತ್ತೆ ಬೀಸಿ. ಐವತ್ತು ಬಿದ್ದವು, ಅದರಲ್ಲಿ ಹತ್ತಕ್ಕೆ ಗುರುತಿದೆ. ಬಿದ್ದದ್ದರಲ್ಲಿ ಐದನೇ ಒಂದು ಪಾಲು ಗುರುತಿನದಾದರೆ ಕೆರೆಯಲ್ಲೂ ಐದನೇ ಒಂದು ಪಾಲೇ ಗುರುತಿನದು. ಗುರುತಿನದು ನಲವತ್ತು, ಕೆರೆಯದು ಇನ್ನೂರು. ಹುಲಿಯ ರೆಕ್ಕೆ ಕತ್ತರಿಸುವ ಅಗತ್ಯವಿಲ್ಲ, ಪಟ್ಟೆ ಹುಟ್ಟಿನಿಂದಲೇ ಇದೆ. ಒಂದೇ ತೊಡಕು: ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿಗೆ ಹೊಂದುವುದಿಲ್ಲ. ಒಂದೇ ಕ್ಯಾಮೆರಾ ಇಟ್ಟರೆ ಹೋಗುವಾಗ ಒಂದು ಹುಲಿ, ಬರುವಾಗ ಇನ್ನೊಂದು. ಆದ್ದರಿಂದ ದಾರಿಯ ಎರಡೂ ಬದಿಗೆ ಮೊಣಕಾಲೆತ್ತರದಲ್ಲಿ ಎದುರುಬದುರು ಎರಡು ಕ್ಯಾಮೆರಾ ಕಟ್ಟುತ್ತಾರೆ. ಮದುವೆಮನೆ ಫೋಟೋಗ್ರಾಫರನಿಗೆ ಈ ಕಷ್ಟವಿಲ್ಲ. ಹೀಗೆ ಮಾಡಿದ 2022ರ ಲೆಕ್ಕದಲ್ಲಿ ಕರ್ನಾಟಕದ ಹುಲಿ 563. ಬಂಡೀಪುರದ್ದು ಅದರಲ್ಲಿ 150.

ಈ ಸಂಖ್ಯೆಯನ್ನು ನಿಲ್ಲಿಸಿರುವುದು ಬಂದೂಕಲ್ಲ, ಹೊಟ್ಟೆ. ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಐವತ್ತರಷ್ಟು ಪ್ರಾಣಿ ಬೇಕು. ಹಿಂಡು ಕರಗದೆ ಅಷ್ಟು ಸಿಗಬೇಕಾದರೆ ಕಾಡಿನಲ್ಲಿ ಐನೂರು ಇರಬೇಕು. ಕಾಡು ತುಂಬಿದ ಮೇಲೆ ಹುಟ್ಟಿದ ಮರಿ ಎರಡ್ಮೂರು ವರ್ಷಕ್ಕೆ ಬೆಳೆದು ನಿಂತಾಗ ಎಲ್ಲ ಜಾಗಕ್ಕೂ ಒಬ್ಬೊಬ್ಬ ಯಜಮಾನ ಇದ್ದೇ ಇರುತ್ತಾನೆ. ಹೊಡೆದಾಡಿ ಗೆಲ್ಲಬೇಕು, ಇಲ್ಲ ಅಂಚಿಗೆ ಹೋಗಬೇಕು. ಹೆಡಿಯಾಲದ ಆಚೆ ಅಂಚು ಎಂದರೆ ಹತ್ತಿ, ಜೋಳದ ಹೊಲ, ಹಟ್ಟಿಯ ದನ. ಸ್ಪರ್ಧೆ ಎಂಬ ಒಣ ಮಾತಿಗೆ ಕಾಡಂಚಿನಲ್ಲಿ ಇರುವ ಅರ್ಥ ಇದು: ಸೋತವರು ಸಾಯುವುದಕ್ಕಿಂತ ಹೆಚ್ಚಾಗಿ ನೆರೆಯವರಾಗುತ್ತಾರೆ.

ಈಗ ಮೂರೂವರೆ. ಚಿರತೆ ಬಂದು ಹೋಗುವ ಅತಿಥಿಯಲ್ಲ, ಕಾಡಿನ ಗುಪ್ತವಾಸಿಯೂ ಅಲ್ಲ. ಅದು ಕಬ್ಬಿನ ಗದ್ದೆಯ ನಿವಾಸಿ. ಕಾವೇರಿ ಕಪಿಲೆಯ ನಾಲೆಗಳ ಕೆಳಗೆ ವರ್ಷವಿಡೀ ಆಳೆತ್ತರ ನಿಲ್ಲುವ ಕಬ್ಬು. ಒಳಗೆ ನೆರಳು, ತಂಪು, ಹಂದಿ. ಹೊರಗೆ ನಾಯಿ, ಮೇಕೆ. ಕಟಾವಿಗೆ ಇಳಿದವರಿಗೆ ಗರಿಯ ಮರೆಯಲ್ಲಿ ಕಣ್ಣು ಬಿಡದ ಮರಿಗಳು ಸಿಗುತ್ತವೆ. ಆಗ ತಿಳಿದವರು ಮಾಡುವುದು ಒಂದೇ: ಅದೇ ಜಾಗದಲ್ಲಿ ಪೆಟ್ಟಿಗೆಯಲ್ಲಿಟ್ಟು ದೂರ ಸರಿದು, ರಾತ್ರಿ ತಾಯಿ ಕಚ್ಚಿಕೊಂಡು ಹೋಗಲು ಬಿಡುವುದು. ಮೈಮೇಲಿನ ಚುಕ್ಕೆಗಳಿಂದ ಚಿರತೆಯನ್ನೂ ಹುಲಿಯಂತೆಯೇ ಗುರುತು ಹಿಡಿಯಬಹುದು. 2022ರ ರಾಷ್ಟ್ರೀಯ ವರದಿ ಕರ್ನಾಟಕಕ್ಕೆ 1,879 ಚಿರತೆ ಎಂದಿತು. ಆದರೆ ಕ್ಯಾಮೆರಾ ಕಟ್ಟಿದ್ದು ಬಹುಪಾಲು ಹುಲಿ ಇರುವ ಕಾಡುಗಳಲ್ಲಿ. ಕಬ್ಬಿನ ಗದ್ದೆ ಆ ಲೆಕ್ಕದ ಹೊರಗಿನದು. ನರಸೀಪುರದವರು ಯಾವ ಚಿರತೆಗೆ ಹೆದರಿ ಸಂಜೆ ಬಾಗಿಲು ಹಾಕಿಕೊಳ್ಳುತ್ತಾರೋ ಆ ಚಿರತೆ ಸಂಖ್ಯೆಯಲ್ಲಿ ಇಲ್ಲ.

ಇಲ್ಲಿ ಈ ಪ್ರಬಂಧದ ನಗೆ ಸ್ವಲ್ಪ ಹೊತ್ತು ನಿಲ್ಲಬೇಕು. 2022ರ ಅಕ್ಟೋಬರಿನಿಂದ 2023ರ ಜನವರಿಯೊಳಗೆ ನರಸೀಪುರ ತಾಲ್ಲೂಕಿನಲ್ಲಿ ನಾಲ್ವರನ್ನು ಚಿರತೆ ಕೊಂದಿತು. ಇಬ್ಬರು ಕಾಲೇಜಿಗೆ ಹೋಗುತ್ತಿದ್ದವರು, ಒಬ್ಬರು ವಯಸ್ಸಾದ ತಾಯಿ, ಒಬ್ಬ ಶಾಲೆಯ ಹುಡುಗ. ಬೋನುಗಳು ಬಂದವು, ಚಿರತೆ ಕಾರ್ಯಪಡೆ ಬಂತು, ಹಿಡಿದದ್ದೂ ಆಯಿತು. ಊರಿನವರ ಬೇಡಿಕೆ ಎಲ್ಲವನ್ನೂ ಹಿಡಿಯಿರಿ ಎಂದು. ಬೇರೆ ಯಾವ ಬೇಡಿಕೆ ಇಟ್ಟಾರು? ಆದರೆ ಖಾಲಿಯಾದ ಜಾಗ ಖಾಲಿ ಉಳಿಯುವುದಿಲ್ಲ. ಅಂಚಿನಲ್ಲಿ ಕಾದಿದ್ದ ಇನ್ನೊಂದು ಬರುತ್ತದೆ. ಮಹಾರಾಷ್ಟ್ರದ ಜುನ್ನಾರಿನಲ್ಲೂ ಕಬ್ಬಿನ ಸೀಮೆಯೇ. ಅಲ್ಲಿ 2001ರ ನಂತರ ಚಿರತೆಗಳನ್ನು ಹಿಡಿದು ಹಿಡಿದು ಕಾಡಿಗೆ ಸಾಗಿಸಿದಾಗ ದಾಳಿಗಳು ಇಳಿಯುವ ಬದಲು ಏರಿದವು ಎಂದು ವಿದ್ಯಾ ಆತ್ರೇಯ ಮತ್ತು ಸಂಗಡಿಗರು ತೋರಿಸಿದ್ದಾರೆ. ಎಷ್ಟಿವೆ ಎಂಬ ಪ್ರಶ್ನೆಗಿಂತ ಯಾವುದು, ಎಲ್ಲಿ, ಯಾರು ಮೊದಲಿದ್ದರು ಎಂಬ ಪ್ರಶ್ನೆ ಇಲ್ಲಿ ದೊಡ್ಡದು. ಅದಕ್ಕೆ ಉತ್ತರ ಕೊಡುವ ಕಾಲಂ ಯಾವ ನಮೂನೆಯಲ್ಲೂ ಇಲ್ಲ.

ಐದನೆಯದು ಶೇಷ ವರ್ಗ, ಗುರುತು ಬಿಟ್ಟು ಹೋಗುವವು. ಆನೆ ಇಷ್ಟು ದೊಡ್ಡದಾಗಿದ್ದರೂ ಎಣಿಸುವವನಿಗೆ ಅದರ ಹಿಂದೆ ಬಿದ್ದದ್ದೇ ಹೆಚ್ಚು ನಂಬಿಕಸ್ಥ. 2023ರ ಮೇ ತಿಂಗಳ ಮೂರು ದಿನದ ಗಣತಿಯಲ್ಲಿ ಮೊದಲ ದಿನ ಕಣ್ಣಾರೆ ಕಂಡ ಆನೆ, ಎರಡನೇ ದಿನ ಲದ್ದಿ, ಮೂರನೇ ದಿನ ನೀರಿನ ಹೊಂಡ. ಲದ್ದಿಯ ದಿನ ಸಿಬ್ಬಂದಿ ಕಾಡಿನೊಳಗೆ ನೇರ ಗೆರೆ ಹಿಡಿದು ನಡೆಯುತ್ತಾರೆ. ಗೆರೆಯಿಂದ ಪ್ರತಿ ರಾಶಿ ಎಷ್ಟು ದೂರ ಎಂದು ಟೇಪು ಹಿಡಿದು ಅಳೆದು ಬರೆಯುತ್ತಾರೆ. ಆನೆ ದಿನಕ್ಕೆ ಹದಿನಾರು ಸಲದ ಆಸುಪಾಸು ಲದ್ದಿ ಹಾಕುತ್ತದೆ. ರಾಶಿ ಕರಗಲು ಇಷ್ಟು ದಿನ. ಹಾಗಾದರೆ ನೆಲದ ಮೇಲೆ ಇಷ್ಟು ಕಾಣಬೇಕಾದರೆ ಆನೆ ಇಷ್ಟು. ಮಳೆ ಬಂದರೆ ಲದ್ದಿ ಬೇಗ ಕರಗುತ್ತದೆ, ಸಗಣಿಹುಳು ಚುರುಕಾದರೆ ಇನ್ನೂ ಬೇಗ. ಎಂದರೆ ಕರ್ನಾಟಕದ 6,395 ಆನೆಗಳ ಹಿಂದೆ, ಅದರಲ್ಲಿ ಬಂಡೀಪುರದ 1,116ರ ಹಿಂದೆ, ಹೆಸರಿಲ್ಲದ ಅಸಂಖ್ಯ ಸಗಣಿಹುಳುಗಳ ಸಹಿಯಿದೆ. ಅವುಗಳನ್ನು ಯಾರೂ ಎಣಿಸಿಲ್ಲ.

ಆರನೆಯದು ಭ್ರಾಂತಿ ವರ್ಗ. ಈ ಪ್ರಬಂಧ ಬರೆಯುವ ಚಪಲ ಹುಟ್ಟಿದ್ದೇ ಇದರಿಂದ. ಇದರಲ್ಲಿ ಎರಡು ಶಾಖೆ: ಹೆಚ್ಚಾಯಿತೆಂದು ಬೈಸಿಕೊಳ್ಳುತ್ತ ಕಡಿಮೆಯಾಗುತ್ತಿರುವವು ಒಂದು, ಹೆಚ್ಚಾಯಿತೆಂದು ಹೊಗಳಿಸಿಕೊಳ್ಳುತ್ತ ಕಾಣೆಯಾದವು ಇನ್ನೊಂದು.

ಮೊದಲ ಶಾಖೆಯ ಅಧಿಪತಿ ಕೋತಿ. ಗುಡಿಯ ಮುಂದೆ ಹಣ್ಣುಕಾಯಿ ಕೈಯಲ್ಲಿ ಹಿಡಿದವರ ಅಭಿಪ್ರಾಯ ಆಗಲೇ ಹೇಳಿದೆ. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಮತ್ತು ಅವರ ಬಳಗ 1980ರ ದಶಕದ ಕೊನೆಯಿಂದ ಮೈಸೂರು ಸುತ್ತಿನ ರಸ್ತೆಗಳಲ್ಲಿ ನಿಧಾನವಾಗಿ ಸಾಗುತ್ತ ಕೋತಿ ಎಣಿಸಿದ್ದಾರೆ. ಅದೇ ರಸ್ತೆ, ಅದೇ ವಿಧಾನ, ವರ್ಷಗಳ ಅಂತರ. 2017ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ಕಾಲು ಶತಮಾನದಲ್ಲಿ ಅರ್ಧಕ್ಕಿಂತ ಹೆಚ್ಚು ಕೋತಿ ಹೋಗಿವೆ. ಎಲ್ಲಿಗೆ? ಮರದ ಜೊತೆಗೆ. ರಸ್ತೆಯ ಎರಡೂ ಬದಿಯ ಆಲ, ಬಸರಿ, ಅತ್ತಿ, ಹುಣಸೆಗಳು ಆ ಕೋತಿಗಳ ಊಟದ ಮನೆಯೂ ಮಲಗುವ ಮನೆಯೂ ಆಗಿದ್ದವು. ರಸ್ತೆ ಅಗಲವಾಯಿತು, ಮರ ಉರುಳಿತು. ಇನ್ನುಳಿದದ್ದನ್ನು ಹಿಡಿದು ಬೇರೆ ಊರಿನ ಗಡಿಯಲ್ಲಿ ಇಳಿಸಿ ಬಂದದ್ದೂ ಉಂಟು. ಆ ಊರಿನವರೂ ಸ್ಯಾನೆ ಎಂದರು. ಹತ್ತು ಮೈಲಿ ಉದ್ದಕ್ಕೆ ಹರಡಿದ್ದ ಕೋತಿ ಒಂದು ಗುಡಿಯ ಗೋಪುರಕ್ಕೆ ಬಂದು ಸೇರಿದರೆ ಗೋಪುರದ ಕೆಳಗಿರುವವನಿಗೆ ಹೆಚ್ಚಾದಂತೆಯೇ ಕಾಣುತ್ತದೆ. ಅವನು ಸುಳ್ಳು ಹೇಳುತ್ತಿಲ್ಲ. ಅವನು ಎಣಿಸುತ್ತಿರುವುದು ಕೋತಿಯನ್ನಲ್ಲ, ಭೇಟಿಯನ್ನು. ಪ್ರಪಂಚದ ಅಳಿವಿನಂಚಿನ ಪಟ್ಟಿಯಲ್ಲಿ ಚಿಂತೆಯಿಲ್ಲದ ಗುಂಪಿನಲ್ಲಿದ್ದ ನಮ್ಮ ಕೋತಿಯನ್ನು ಈಚೆಗೆ ಅಪಾಯಕ್ಕೆ ಈಡಾದವುಗಳ ಗುಂಪಿಗೆ ಸರಿಸಿದ್ದಾರೆ. ಗೋಪುರದ ಕೆಳಗೆ ಈ ಸುದ್ದಿ ಹೇಳುವುದು ಕ್ಷೇಮವಲ್ಲ.

ಎರಡನೇ ಶಾಖೆ ನೀರೊಳಗಿನದು. ಪ್ರಾಣಿಗಳ ಚರ್ಮ ತುಂಬಿ ನಿಲ್ಲಿಸುವ ಕಲೆಗೆ ಹೆಸರಾದ ಮೈಸೂರಿನ ವ್ಯಾನ್ ಇಂಗನ್ ಮನೆತನದ ಡಿವೆಟ್ ವ್ಯಾನ್ ಇಂಗನ್ 1946ರಲ್ಲಿ ಇದೇ ಕಪಿಲೆಯಲ್ಲಿ 120 ಪೌಂಡಿನ ಬಿಳಿಮೀನು, ಎಂದರೆ ಮಹಶೀರ್, ಎತ್ತಿದ. ಐವತ್ತನಾಲ್ಕು ಕಿಲೋ; ಗಾಳದಿಂದ ಹಿಡಿದ ಮಹಶೀರ್‌ಗಳಲ್ಲಿ ಅದರದ್ದು ಬಹುಕಾಲ ಲೋಕದಾಖಲೆಯಾಗಿತ್ತು. ಕಾವೇರಿ ಮತ್ತು ಅದರ ಉಪನದಿಗಳಲ್ಲಲ್ಲದೆ ಬೇರೆಲ್ಲೂ ಇಲ್ಲದ, ಬೆನ್ನು ಗೂನಾಗಿ ಎದ್ದ, ಕಿತ್ತಳೆ ಬಣ್ಣದ ರೆಕ್ಕೆಯ ಜಾತಿ. ಅದು ಕಡಿಮೆಯಾಗುತ್ತಿದೆಯೆಂದು ಕಂಡಾಗ ಮರಿ ತಂದು ಹೊಳೆಗೆ ಬಿಟ್ಟರು. ತಂದ ಮರಿ ಮಹಾರಾಷ್ಟ್ರದ ಲೋಣಾವಳದ್ದು, ನೀಲಿ ರೆಕ್ಕೆಯ ಬೇರೆ ಮಹಶೀರ್. ಮುಂದೆ ಕಾವೇರಿಯ ಕೆಳಹರಿವಿನ ಗಾಳದ ಶಿಬಿರಗಳಲ್ಲಿ ಹಿಡಿದು ಬಿಟ್ಟ ಮೀನಿನ ಪುಸ್ತಕ ತೆರೆದು ನೋಡಿದರೆ ಮಹಶೀರ್ ಸಂಖ್ಯೆ ಏರುತ್ತಿತ್ತು. ಎಲ್ಲರಿಗೂ ಸಂತೋಷ. ಏಡ್ರಿಯನ್ ಪಿಂಡರ್ ಮತ್ತು ಸಂಗಡಿಗರು 2015ರಲ್ಲಿ ಆ ಪುಸ್ತಕಗಳನ್ನೇ ರೆಕ್ಕೆಯ ಬಣ್ಣದಂತೆ ಬಿಡಿಸಿ ಓದಿದಾಗ ಏರುತ್ತಿದ್ದದ್ದೆಲ್ಲ ನೀಲಿ, ಗೂನುಬೆನ್ನಿನದು ಕುಸಿದುಬಿದ್ದಿತ್ತು. ರಷ್ಯಾದ ಗೌಸ್ 1934ರಲ್ಲಿ ಗಾಜಿನ ಕೊಳವೆಯೊಳಗೆ ಎರಡು ಜಾತಿಯ ಸೂಕ್ಷ್ಮಜೀವಿಗಳನ್ನು ಒಂದೇ ಅನ್ನಕ್ಕೆ ಬಿಟ್ಟು ತೋರಿಸಿದ್ದ: ಊಟ ಒಂದೇ ಆದರೆ ಕೊನೆಗೆ ಉಳಿಯುವುದು ಒಂದೇ. ಕೊಳವೆಯಲ್ಲಿ ಕೆಲವೇ ವಾರ ಹಿಡಿದದ್ದು ಹೊಳೆಯಲ್ಲಿ ಕೆಲವು ದಶಕ ಹಿಡಿಯಿತು, ಅಣೆಕಟ್ಟು, ಮರಳು, ಡೈನಮೈಟು ಕೂಡಿ ನೆರವಾದವು. 2018ರಲ್ಲಿ ಗೂನುಬೆನ್ನಿನ ಮೀನನ್ನು ಅಳಿವಿನ ತುತ್ತತುದಿಯ ಪಟ್ಟಿಗೆ ಸೇರಿಸಿದರು. ಮೊತ್ತ ಮಾತ್ರ ಕೊನೆಯವರೆಗೂ ಚೆನ್ನಾಗಿಯೇ ಇತ್ತು. ಕೂಡುವ ಲೆಕ್ಕದ ಮೇಲೆ ನಮಗಿರುವ ಅನುಮಾನ ಇಲ್ಲಿಂದ ಬಂದದ್ದು.

ಏಳನೆಯದು ಎಣಿಸುವ ವರ್ಗ. ಇದು ತನ್ನನ್ನು ತಾನೇ ಎಣಿಸಿಕೊಳ್ಳುತ್ತದೆ. ಮೈಸೂರು ಸಂಸ್ಥಾನದ ಮೊದಲ ಕ್ರಮಬದ್ಧ ಗಣತಿ 1871ರಲ್ಲಿ. ಸಿಕ್ಕಿದ್ದು ಐವತ್ತು ಲಕ್ಷದ ಐವತ್ತೈದು ಸಾವಿರ. ಹತ್ತು ವರ್ಷ ಬಿಟ್ಟು 1881ರಲ್ಲಿ ಎಣಿಸಿದಾಗ ನಲವತ್ತೊಂದು ಲಕ್ಷದ ಎಂಬತ್ತಾರು ಸಾವಿರ. ನಡುವೆ ಧಾತು, ಈಶ್ವರ ಸಂವತ್ಸರಗಳ ಬರ. ಎಂಟು ಲಕ್ಷದ ಎಪ್ಪತ್ತು ಸಾವಿರದಷ್ಟು ಜನ ಕಾಣೆ, ಬದುಕಿದ್ದರೆ ಅವರಿಗೆ ಹುಟ್ಟುತ್ತಿದ್ದವರನ್ನು ಬಿಟ್ಟು. ಜನ ಬೆಳೆಯುವಷ್ಟು ಬೇಗ ಅನ್ನ ಬೆಳೆಯದು, ಹೆಚ್ಚಾದದ್ದನ್ನು ಬರವೇ ಕತ್ತರಿಸುತ್ತದೆ ಎಂದು 1798ರಲ್ಲಿ ಬರೆದ ಮಾಲ್ಥಸ್, ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಹುಡುಗರಿಗೆ ಹೈಲಿಬರಿಯ ಕಾಲೇಜಿನಲ್ಲಿ ಮೇಷ್ಟರಾಗಿದ್ದವನು. ಆ ಪಾಠ ಕಲಿತ ಆಡಳಿತದ ಕೈಯಲ್ಲಿ 1877ರಲ್ಲಿ ಕಾಮಗಾರಿಯ ಕೂಲಿ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೊಂದು ಆಣೆ ಎಂಬಲ್ಲಿಗೆ ಬಂದು ನಿಂತಿತು. ವೆರ್ಹುಲ್ಸ್ಟನ ಗೆರೆ ತಾನಾಗಿ ಬಾಗುತ್ತದೆ; ಈ ಗೆರೆಯನ್ನು ಬಗ್ಗಿಸಿದ ಕೈಗಳಿದ್ದವು. ಅಂತರಗಂಗೆಯ ಗಣಿತವನ್ನು ಮನುಷ್ಯನಿಗೆ ಹಚ್ಚುವವರನ್ನು ಈ ಪ್ರಬಂಧ ಅನುಮೋದಿಸುವುದಿಲ್ಲ.

2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದಕ್ಕೆ ಹೋಗಿ ಈಗ 2027ರ ಮಾರ್ಚ್ 1ಕ್ಕೆ ಮುಹೂರ್ತ ಗೊತ್ತಾಗಿದೆ. ಮನೆಯಿಲ್ಲದವರನ್ನು ಹಿಂದಿನ ಸಲ, 2011ರಲ್ಲಿ, ಫೆಬ್ರವರಿ 28ರ ರಾತ್ರಿ ಬಸ್‌ಸ್ಟ್ಯಾಂಡು, ಗುಡಿಯ ಜಗಲಿ, ಸೇತುವೆಯ ಕೆಳಗೆ ಹುಡುಕಿ ಬರೆದುಕೊಂಡರು. ನಂಜುಂಡೇಶ್ವರನ ಗುಡಿಯ ಸುತ್ತ ಮಲಗಿದ್ದವರಲ್ಲಿ ಹರಕೆಗೆ ಬಂದವರಾರು, ಮನೆಯೇ ಇಲ್ಲದವರಾರು ಎಂದು ಟಾರ್ಚು ಹಿಡಿದು ಕೇಳುವ ಮೇಷ್ಟರ ಕಷ್ಟ ಕ್ಯಾಮೆರಾ ಕಟ್ಟುವವರಿಗೆ ಗೊತ್ತಿಲ್ಲ.

ಇನ್ನು ಆಕ್ಷೇಪಗಳು. ನಂಜನಗೂಡಿನಲ್ಲಿ ಎಣಿಸಿದ ಚಿರತೆ ರಾತ್ರೋರಾತ್ರಿ ನರಸೀಪುರಕ್ಕೆ ಹೋಗಿ ಅಲ್ಲೂ ಎಣಿಸಿಕೊಂಡರೆ? ಪೀಟರ್ಸನನ ಲೆಕ್ಕಕ್ಕೆ ಕೆರೆಗೆ ಕಟ್ಟೆ ಬೇಕು, ತಾಲ್ಲೂಕಿಗೆ ಕಟ್ಟೆಯಿಲ್ಲ ಎಂಬುದು ನಿಜ. ಅದಕ್ಕೇ ಎರಡೂ ಕಡೆಯ ಫೋಟೋ ಒಂದೇ ಮೇಜಿನ ಮೇಲೆ ಬರಬೇಕು. ಎಣಿಸಿ ಆಗುವುದೇನು ಎಂದು ಕೇಳುವವರಿಗೆ ಆರನೇ ವರ್ಗವನ್ನು ಇನ್ನೊಮ್ಮೆ ಓದಲು ವಿನಂತಿ.

ಕಡೆಯ ಆಕ್ಷೇಪ ಹೆಡಿಯಾಲದ ಕಡೆಯ ಒಬ್ಬ ರೈತರದ್ದು, ತುಸು ಗಟ್ಟಿ. "ನಿಮ್ಮ ಕಾಡಲ್ಲಿ ಸಾವ್ರಾನೆ ಇದ್ರೆ ನಂಗೇನು ಸ್ವಾಮಿ, ನನ್ ಗದ್ದೆಗೆ ಬಂದದ್ದು ಒಂದೇಯ." ಇದಕ್ಕೆ ಶಾಸ್ತ್ರದಲ್ಲಿ ಪರಿಹಾರವಿಲ್ಲ, ಪರಿಹಾರಧನದಲ್ಲಿ ಸ್ವಲ್ಪ ಇದೆ. ಆ ಒಂದು ಆನೆ ಒಂದು ರಾತ್ರಿಯಲ್ಲಿ ತಿಂದದ್ದು ಎಷ್ಟು, ತುಳಿದದ್ದು ಎಷ್ಟು ಎಂದು ಬೆಳಿಗ್ಗೆ ಅಳೆಯಬೇಕು. ರೈತ ಬದುವಿನ ಮೇಲೆ ನಡೆದು ಹನ್ನೆರಡು ಗುಂಟೆ ಎನ್ನುತ್ತಾನೆ. ಟೇಪು ತಂದವರು ಮುರಿದ ಕಬ್ಬಿನ ಸಾಲು ಎಣಿಸಿ ಏಳು ಎನ್ನುತ್ತಾರೆ. ಹೆಂಡತಿ ಬಂದು ಆಚೆ ಮಡಿಯನ್ನು ನೋಡಲೇ ಇಲ್ಲವಲ್ಲ ಎನ್ನುತ್ತಾಳೆ. ಎಲ್ಲರೂ ಮತ್ತೆ ಗದ್ದೆಗೆ ಇಳಿಯುತ್ತಾರೆ, ಈ ಸಲ ಆಚೆ ಬದಿಯಿಂದ.